ಕೇಳುವ ಹೃದಯ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಸಿದ್ಧಪಡಿಸಿದ ವರದಿಯಲ್ಲಿ ನಿನಗಿಂತ ಕಿರಿಯರೊಬ್ಬರು ತಪ್ಪು ಎತ್ತಿ ತೋರಿಸಿದ ಸಂಗತಿಯನ್ನು ಹಿಂದಿನ ವಾರ ಫೋನಿನಲ್ಲಿ ಹೇಳತೊಡಗಿದ್ದೆ. ನಿನ್ನ ಮಾತು ಅರ್ಧದಲ್ಲಿರುವಾಗಲೇ ನಾನು ವಿನಯದ ಬಗ್ಗೆ ಉಪದೇಶ ಆರಂಭಿಸಿದೆ, ನೀನು ಸುಮ್ಮನಾದೆ. ಸಂಗತಿಯನ್ನು ಪೂರ್ತಿ ಕೇಳದೆ ಉತ್ತರ ಕೊಡುವುದು ಮೂರ್ಖತನ, ಅವಮಾನ ಎನ್ನುವ, ಬೈಬಲಿನ ಜ್ಞಾನೋಕ್ತಿಗಳ 18ನೆಯ ಅಧ್ಯಾಯದ ಮಾತು ಫೋನ್ ಇಟ್ಟ ಮೇಲೆ ನೆನಪಾಯಿತು.

ಬೈಬಲಿನ ಒಂದನೆಯ ಅರಸುಗಳ ಪುಸ್ತಕದ 3ನೆಯ ಅಧ್ಯಾಯದಲ್ಲಿ, ಗಿಬ್ಯೋನ್ ಎಂಬ ಊರಿನಲ್ಲಿ ದೇವರು ಕನಸಿನಲ್ಲಿ ಕಾಣಿಸಿಕೊಂಡು ಏನು ಬೇಕೆಂದು ವಿಚಾರಿಸಿದಾಗ, ಇಸ್ರಾಯೇಲಿನ ಅರಸ ಸೊಲೊಮೋನನು ತಾನಿನ್ನೂ ಚಿಕ್ಕವನು, ನಡೆನುಡಿ ತಿಳಿಯದವನು ಎಂದು ಮೊದಲು ಒಪ್ಪಿಕೊಳ್ಳುತ್ತಾನೆ. ಅವನು ಬೇಡಿದ್ದನ್ನು ನಮ್ಮ ಅನುವಾದಗಳು ವಿವೇಕ ಎಂದು ಹೇಳಿದರೂ ಹೀಬ್ರೂ ಮೂಲದಲ್ಲಿರುವುದು ‘ಕೇಳುವ ಹೃದಯ’. ಕನ್ನಡದಲ್ಲಿ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಬೇಡುವುದಕ್ಕೂ ‘ಕೇಳು’ ಎಂಬ ಒಂದೇ ಪದವಿರುವುದರಿಂದ ಈ ಮಾತು ನಮಗೆ ಬೇಗ ಎಟಕುತ್ತದೆ. ಅದೇ ಅಧ್ಯಾಯದಲ್ಲಿ ಇಬ್ಬರು ಹೆಂಗಸರು ಒಂದು ಮಗುವಿಗಾಗಿ ಜಗಳವಾಡುತ್ತಾ ಬಂದಾಗ ಎಲ್ಲರೂ ನೆನಪಿಟ್ಟುಕೊಳ್ಳುವುದು ಮಗುವನ್ನು ಎರಡಾಗಿ ಸೀಳಿರೆಂದು ಅರಸನು ತರಿಸಿದ ಕತ್ತಿಯನ್ನು. ನಾನಾದರೋ ಅದಕ್ಕೆ ಹಿಂದಿನ ವಚನದ ಬಳಿ ನಿಲ್ಲುತ್ತೇನೆ: ಅರಸನು ಕತ್ತಿ ತರಿಸುವ ಮೊದಲು, ಇವಳು ಹೀಗೆನ್ನುತ್ತಾಳೆ, ಅವಳು ಹಾಗೆನ್ನುತ್ತಾಳೆ ಎಂದು ಇಬ್ಬರ ಮಾತನ್ನೂ ತನ್ನ ಬಾಯಿಂದಲೇ ತಿರುಗಿ ಹೇಳುತ್ತಾನೆ. ಇದೇ ಸೊಲೊಮೋನನ ಹೃದಯ ಮುಪ್ಪಿನಲ್ಲಿ ದೇವರಿಂದ ತಿರುಗಿಕೊಂಡಿತೆಂದು ಅದೇ ಪುಸ್ತಕದ 11ನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ಬರೆದಿದೆ. ಒಮ್ಮೆ ದೊರೆತ ಜ್ಞಾನ ತಾನಾಗಿ ಉಳಿಯುತ್ತದೆಂದು ನಾನು ನಂಬದಿರುವುದು ಅದಕ್ಕಾಗಿಯೇ.

ಬೈಬಲಿನ ಯೋಬನ ಗ್ರಂಥದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ದಿನ ಹಗಲಿರುಳು ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಇಡೀ ಗ್ರಂಥದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು. ಬಾಯಿ ತೆರೆದ ಮೇಲೆ ಅವನ ನೋವಿಗೆ ಕಾರಣ ತಮಗೆ ತಿಳಿದಿದೆ ಎಂದೇ ವಾದಿಸಿದರು, ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದರು. ಯೋಬನು ಮಾತ್ರ, ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂಬ ದೇವರ ಪ್ರಶ್ನೆಯ ಮುಂದೆ ಬಾಯಿಯ ಮೇಲೆ ಕೈಯಿಟ್ಟುಕೊಂಡನು.

ಹಾಗೆಂದು ನಿನ್ನನ್ನು ನೀನೇ ಹಳಿದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಜ್ಞಾನೋಕ್ತಿಗಳ 30ನೆಯ ಅಧ್ಯಾಯದ ಆಗೂರನು ತನಗೆ ಮನುಷ್ಯರ ವಿವೇಕವೂ ಇಲ್ಲವೆಂದು ಮಾತು ಆರಂಭಿಸುತ್ತಾನಾದರೂ ಅಲ್ಲೇ ಮುದುಡಿ ಕೂರುವುದಿಲ್ಲ. ಇರುವೆ, ಬೆಟ್ಟದ ಮೊಲ, ಮಿಡತೆ, ಹಲ್ಲಿಗಳನ್ನು ಹತ್ತಿರದಿಂದ ನೋಡಿ, ಕೈಗೆ ಸಿಗುವ ಹಲ್ಲಿಯೂ ಅರಮನೆಯಲ್ಲಿರುತ್ತದೆ ಎಂದು ಬೆರಗಿನಿಂದ ಬರೆಯುತ್ತಾನೆ. ತನ್ನ ಅರಿವಿನ ಮಿತಿಯನ್ನು ಒಪ್ಪಿಕೊಂಡವನ ಕಣ್ಣು ಚಿಕ್ಕದರ ಮೇಲೂ ನಿಲ್ಲುತ್ತದೆ.

ಆ ಕಿರಿಯರು ತೋರಿಸಿದ ತಪ್ಪು ನಿಜವಾಗಿಯೂ ತಪ್ಪಾಗಿತ್ತೇ ಎಂಬುದನ್ನು ನಾನು ಈವರೆಗೂ ಕೇಳಿಲ್ಲ. ಭಾನುವಾರ ಫೋನ್ ಮಾಡುತ್ತೇನೆ, ಮೊದಲಿನಿಂದ ಹೇಳು.

ನಿನ್ನ ಅಪ್ಪ