ಎಂಜಿನ್ ಎತ್ತುವ ಮುಂಚೆ

ಅನಾಪೊಲಿಸ್, ಮೇರಿಲ್ಯಾಂಡ್
ಏಪ್ರಿಲ್ 20

ತೀರ್ಥರೂಪ ಅಪ್ಪಯ್ಯನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಂಡು ಸುಮ್ನೆ ಇರಬೇಡಿ ಅನ್ನಿ, ಕುಂದಾಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸಲಿ.

ಈ ಸಲ ಮಳೆಗಾಲಕ್ಕೆ ಮೀನುಗಾರಿಕೆ ನಿಂತ ಕೂಡಲೇ ಮೂರು ಬೋಟಿನ ಎಂಜಿನ್ ಹೊರಗೆ ತೆಗೆಯಲು ನೀವು ಒಪ್ಪಿಕೊಂಡಿದ್ದೀರಿ ಅಂತ ತಮ್ಮ ಹೇಳಿದ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀವು "ಆಯ್ತ್ ಮಗಾ" ಅಂತ ಮಾತು ಮುಗಿಸುತ್ತೀರಿ. ಕಾಗದವಾದರೆ ಎರಡು ಸಲ ಓದುತ್ತೀರಿ.

ಇಲ್ಲಿ ಚಳಿ ಬಿಟ್ಟಿದೆ. ಚಳಿಗಾಲ ಪೂರ್ತಿ ದಡದ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿದ್ದ ಹಾಯಿದೋಣಿಗಳನ್ನು ಈಗ ಒಂದೊಂದಾಗಿ ಚೆಸಾಪೀಕ್ ಕೊಲ್ಲಿಯ ನೀರಿಗೆ ಇಳಿಸುತ್ತಿದ್ದೇವೆ. ದೋಣಿ ರಿಪೇರಿ ಯಾರ್ಡಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಈ ಗಡಿಬಿಡಿಯಲ್ಲೇ ನನ್ನ ಪಾಲಿಗೆ ಬಂದದ್ದು ಒಂದು ಅಟಾಮಿಕ್ ಫೋರ್ ಎಂಜಿನ್. ಅದನ್ನು ನೀವು ನೋಡಬೇಕಿತ್ತು ಅಪ್ಪಯ್ಯ. ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನ ಯೂನಿವರ್ಸಲ್ ಮೋಟರ್ ಕಂಪನಿಯದು. 1947ರಿಂದ 1985ರ ತನಕ ಸುಮಾರು 40,000 ಎಂಜಿನ್ ಮಾಡಿದ್ದಾರೆ. ನಾಲ್ಕು ಸಿಲಿಂಡರ್, 30 ಅಶ್ವಶಕ್ತಿ, ತೂಕ ಸುಮಾರು 150 ಕೆ.ಜಿ. ಆದರೆ ಪೆಟ್ರೋಲ್ ಎಂಜಿನ್! ನಮ್ಮ ಗಂಗೊಳ್ಳಿಯಲ್ಲಿ ಬೋಟಿನ ಒಳಗೆ ಕೂರುವ ಎಂಜಿನ್ ಅಂದರೆ ಡೀಸೆಲ್ಲೇ ಅಲ್ವಾ.

ಪೆಟ್ರೋಲ್ ಅಂದಮೇಲೆ ಭಯವೂ ಬೇರೆ. ಅದರ ಆವಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಸೆಲ್ಫ್ ಹೊಡೆಯುವ ಮುಂಚೆ 4 ನಿಮಿಷ ಆವಿ ಹೊರಹಾಕುವ ಬ್ಲೋವರ್ ಓಡಿಸಿ ಅಂತ ಸ್ವಿಚ್ಚಿನ ಹತ್ತಿರವೇ ಎಚ್ಚರಿಕೆ ಅಂಟಿಸಿರುತ್ತಾರೆ. ಅಷ್ಟು ಮಾಡಿದ ಮೇಲೂ ನಾನು ತಳದ ಹಲಗೆ ಎತ್ತಿ ಬಗ್ಗಿ ವಾಸನೆ ನೋಡುತ್ತೇನೆ. ನೋಡದೆ ಸ್ವಿಚ್ ಮುಟ್ಟುವುದಿಲ್ಲ. ಅಮ್ಮನಿಗೆ ಇದನ್ನು ಓದಿ ಹೇಳಿ, ಸಮಾಧಾನ ಆಗಲಿ.

ದೋಣಿಯ ಯಜಮಾನರು ನಿವೃತ್ತ ಮೇಷ್ಟ್ರು. ನೀರಿಗೆ ಇಳಿಸಿದ ಮೇಲೆ ಎಂಜಿನ್ ಹಿಡಿಯಲೇ ಇಲ್ಲ. ಬೇರೊಂದು ವರ್ಕ್‌ಶಾಪಿನವರು ಬಂದು ನೋಡಿ, ಇದರ ಕತೆ ಮುಗಿಯಿತು, ಕ್ರೇನ್ ತರಿಸಿ ಎತ್ತಿಸಿ ಹೊಸ ಡೀಸೆಲ್ ಕೂರಿಸಿ ಅಂದರಂತೆ. ಆ ಖರ್ಚು ಇಂಥ ಹಳೆ ದೋಣಿಯ ಬೆಲೆಗಿಂತ ಜಾಸ್ತಿ. ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಒಂದು ಕಂಪ್ರೆಶನ್ ಗೇಜ್ ಕೂಡ ಹಾಕಿ ನೋಡಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನಾಲ್ಕೂ ಪ್ಲಗ್ ಬಿಚ್ಚಿ ಗೇಜ್ ಹಾಕಿದೆ. ಮೂರು ಸಿಲಿಂಡರಿನಲ್ಲಿ 100 ಪಿಎಸ್‌ಐ ಆಚೀಚೆ ಬಂತು. ಈ ಎಂಜಿನ್ನಿಗೆ ಅದು ಧಾರಾಳ. ಮೂರನೇ ನಂಬರಿನ ಸಿಲಿಂಡರಿನಲ್ಲಿ ಮಾತ್ರ ಮುಳ್ಳು ಅಲುಗಲಿಲ್ಲ. ಪ್ಲಗ್ಗಿನ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ನೋಡಿದೆ. ರಿಂಗ್ ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಒಂದಿಷ್ಟಾದರೂ ಏರಬೇಕು. ಏರಲಿಲ್ಲ. ಎರಡು ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಹೋಗಿದ್ದರೆ ಪಕ್ಕದ್ದೂ ಇಳಿದಿರಬೇಕಿತ್ತು. ಅದೂ ಇಲ್ಲ. ಉಳಿದದ್ದು ವಾಲ್ವ್. ತೂತಿನಲ್ಲಿ ಸಣ್ಣ ಟಾರ್ಚ್ ಹಿಡಿದು, ಕೈಯಲ್ಲೇ ಎಂಜಿನ್ ತಿರುಗಿಸಿ ನೋಡಿದರೆ ಎಕ್ಸಾಸ್ಟ್ ವಾಲ್ವ್ ಮೇಲೆದ್ದದ್ದು ಕೆಳಗೆ ಇಳಿಯುತ್ತಲೇ ಇಲ್ಲ. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ ತನ್ನ ಕಡ್ಡಿ ಓಡಾಡುವ ಗೈಡಿನಲ್ಲಿ ಕಚ್ಚಿಕೊಂಡಿತ್ತು.

ಈ ಎಂಜಿನ್ನಿನ ವಾಲ್ವ್ ಹೆಡ್ಡಿನಲ್ಲಿಲ್ಲ. ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕ, ತಲೆ ಮೇಲಾಗಿ ನಿಂತಿರುತ್ತವೆ. ಹೆಡ್ ಅಂದರೆ ಬರೀ ಮುಚ್ಚಳ. ಹಾಗಾದರೆ ಹೆಡ್ ಬಿಚ್ಚಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೆ ಮನಸ್ಸು ಬರಲಿಲ್ಲ. ವರ್ಷಗಟ್ಟಲೆ ಉಪ್ಪುನೀರು ಓಡಿದ ಎಂಜಿನ್ನಿನಲ್ಲಿ ಹೆಡ್ಡು ತನ್ನನ್ನು ಹಿಡಿದಿರುವ ಸ್ಟಡ್ಡಿಗೆ ತುಕ್ಕು ಹಿಡಿದು ಅಂಟಿರುತ್ತದೆ. ಒಂದು ಸ್ಟಡ್ ಬ್ಲಾಕಿನ ಮಟ್ಟಕ್ಕೆ ಮುರಿದರೆ, ದೋಣಿಯೊಳಗೆ ಇಳಿಯುವ ಮೆಟ್ಟಿಲ ಹಿಂದೆ ಎಂಜಿನ್ ಇರುವ ಆ ಇಕ್ಕಟ್ಟಿನಲ್ಲಿ ನೇರವಾಗಿ ಡ್ರಿಲ್ ಹಿಡಿಯಲು ಆಗುವುದಿಲ್ಲ. ಆಗ ನಿಜವಾಗಿಯೂ ಕ್ರೇನ್ ತರಿಸಬೇಕಾಗುತ್ತದೆ.

ಅದಕ್ಕೆ ಪಕ್ಕದ ದಾರಿ ಹಿಡಿದೆ. ಕಾರ್ಬುರೇಟರ್ ಬಿಚ್ಚಿ, ಅದರ ಹಿಂದಿನ ಮುಚ್ಚಳ ತೆಗೆದರೆ ವಾಲ್ವಿನ ಸ್ಪ್ರಿಂಗು, ಕಡ್ಡಿ ಎಲ್ಲ ಕಾಣುತ್ತವೆ. ಕಣ್ಣಿಗೆ ನೇರ ಕಾಣುವುದಿಲ್ಲ, ಕನ್ನಡಿ ಹಿಡಿಯಬೇಕು. ಸ್ಪ್ರಿಂಗು ಅದುಮಿಕೊಂಡೇ ನಿಂತಿತ್ತು, ಕಡ್ಡಿಯ ಸುತ್ತ ಕೆಂಪು ತುಕ್ಕು. ತುಕ್ಕು ಬಿಡಿಸುವ ಎಣ್ಣೆಯನ್ನು ಕೆಳಗಿನಿಂದ ಗೈಡಿಗೂ ಮೇಲಿನಿಂದ ಪ್ಲಗ್ಗಿನ ತೂತಿಗೂ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಟ್ಟೆ. ಬೆಳಿಗ್ಗೆ ಬಗ್ಗಿಸಿದ ಸರಳನ್ನು ಪ್ಲಗ್ಗಿನ ತೂತಿನಲ್ಲಿ ತೂರಿಸಿ ವಾಲ್ವಿನ ತಲೆಯನ್ನು ಮೆಲ್ಲ ಒತ್ತಿದೆ. ಒಂದು ಕೂದಲೆಳೆಯಷ್ಟು ಇಳಿಯಿತು. ಎಂಜಿನ್ ಕೈಯಲ್ಲಿ ತಿರುಗಿಸಿದರೆ ಕ್ಯಾಮ್ ಅದನ್ನು ಮತ್ತೆ ಮೇಲೆತ್ತುತ್ತದೆ. ಮತ್ತೆ ಎಣ್ಣೆ, ಮತ್ತೆ ಒತ್ತು, ಮತ್ತೆ ತಿರುಗಿಸು. ಇದಕ್ಕೆ ಸುತ್ತಿಗೆ ಬೇಡ, ಜೋರು ಬೇಡ. ಪ್ರತಿ ಸಲ ಸ್ವಲ್ಪ ಸ್ವಲ್ಪ ಜಾಸ್ತಿ ಇಳಿಯುತ್ತಾ ಬಂತು. ಕೊನೆಗೆ ಸರಳು ಮುಟ್ಟಿಸುವ ಮುಂಚೆಯೇ ಸ್ಪ್ರಿಂಗು ತಾನೇ ಎಳೆದು ವಾಲ್ವ್ "ಟಕ್" ಅಂತ ಸೀಟಿಗೆ ಕೂತಿತು. ಆ ಶಬ್ದ ಕೇಳಿ ನನಗಾದ ಖುಷಿ ನಿಮಗೆ ಮಾತ್ರ ಅರ್ಥವಾದೀತು. ಗೇಜ್ ಹಾಕಿದರೆ ಮೂರನೆಯದೂ ಉಳಿದವುಗಳ ಸಮಕ್ಕೆ ಬಂತು.

ಆಯಿಲ್ ಹಾಲಿನಂತೆ ಬೆಳ್ಳಗಾಗಿತ್ತು, ನೀರು ಸೇರಿತ್ತು. ಆಯಿಲ್ ಬಿಡುವ ಕೆಳಗಿನ ಬೋಲ್ಟಿಗೆ ಕೈ ಹೋಗುವುದಿಲ್ಲ. ಡಿಪ್ ಸ್ಟಿಕ್ಕಿನ ತೂತಿನಿಂದ ಪಂಪು ಹಾಕಿ ಎಳೆದು, ಬಣ್ಣ ಸರಿಹೋಗುವ ತನಕ ಬದಲಾಯಿಸಿದೆ.

ನೀರು ಎಲ್ಲಿಂದ ಬಂತು ಅನ್ನುವುದೇ ಮುಖ್ಯ. ಎಂಜಿನ್ ತಣಿಸಿದ ನೀರು ಎಕ್ಸಾಸ್ಟಿಗೆ ಸೇರಿ, ಸೈಲೆನ್ಸರ್ ಡಬ್ಬಿಗೆ ಇಳಿಯುತ್ತದೆ. ಅಲ್ಲಿಂದ ಹೊಗೆಯ ಒತ್ತಡವೇ ಅದನ್ನು ಹೊರಗೆ ತಳ್ಳಬೇಕು. ಎಂಜಿನ್ ಹಿಡಿಯದೆ ಬರೀ ಸೆಲ್ಫ್ ಹೊಡೆಯುತ್ತಾ ಇದ್ದರೆ ಪಂಪು ನೀರು ತುಂಬುತ್ತಲೇ ಇರುತ್ತದೆ, ತಳ್ಳಲು ಹೊಗೆ ಇಲ್ಲ. ಡಬ್ಬಿ ತುಂಬಿದ ನೀರು ಹಿಂದಕ್ಕೆ ಏರಿ, ತೆರೆದಿದ್ದ ಎಕ್ಸಾಸ್ಟ್ ವಾಲ್ವಿನಿಂದ ಸಿಲಿಂಡರಿಗೆ ಇಳಿಯುತ್ತದೆ. ಹೋದ ಶರತ್ಕಾಲದಲ್ಲಿ ಮೇಷ್ಟ್ರು ಹಾಗೆ ತುಂಬಾ ಹೊತ್ತು ಸೆಲ್ಫ್ ಹೊಡೆದಿದ್ದರಂತೆ. ಎಂಜಿನ್ ಸತಾಯಿಸಿದರೆ ಮೊದಲು ನೀರಿನ ನಲ್ಲಿ ಮುಚ್ಚಿ, ಹಿಡಿದ ಕೂಡಲೇ ತೆರೆಯಿರಿ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಲ್ಲೇ ಅಂಟಿಸಿ ಬಂದೆ. ಈಗ ಅವರು ವಾರಕ್ಕೊಮ್ಮೆ ಕೊಲ್ಲಿಗೆ ಹೋಗಿ ಬರುತ್ತಿದ್ದಾರೆ.

ಎಲ್ಲವನ್ನೂ ಕೂತಲ್ಲೇ ರಿಪೇರಿ ಮಾಡಬಹುದು ಅಂತ ನಾನು ಹೇಳುತ್ತಿಲ್ಲ. ಈ ಎಂಜಿನ್ನಿನಲ್ಲೂ ಆಯಿಲ್ ಚೇಂಬರ್ ಇಳಿಸಲು ಕೆಳಗೆ ಜಾಗವಿಲ್ಲ. ಮೇನ್ ಬೇರಿಂಗ್ ಹೋದರೆ, ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಕುಸಿದು ಕೆಳಗಿನಿಂದ ಗುದ್ದುವ ಶಬ್ದ ಬಂದರೆ, ಎತ್ತಲೇಬೇಕು. ಆದರೆ ಎತ್ತಿದ್ದನ್ನು ವಾಪಸ್ ಕೂರಿಸುವ ಕೆಲಸ ಇದೆಯಲ್ಲ, ಅದೇ ದೊಡ್ಡದು. ಎಂಜಿನ್ನನ್ನು ಪ್ರೊಪೆಲ್ಲರ್ ಶಾಫ್ಟಿಗೆ ಜೋಡಿಸುವ ಕಪ್ಲಿಂಗ್ 4 ಇಂಚಿನದಾದರೆ ಎರಡು ಮುಖದ ನಡುವಿನ ಸಂದು ಸುತ್ತಲೂ 4 ಥೌ, ಅಂದರೆ ಇಂಚಿನ ಸಾವಿರದ 4 ಭಾಗಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ಆಗಬಾರದು. ದಡದಲ್ಲಿ ಸರಿ ಇದ್ದದ್ದು ನೀರಿಗೆ ಇಳಿದ ಮೇಲೆ ಬದಲಾಗುತ್ತದೆ, ಮತ್ತೆ ಫೀಲರ್ ಗೇಜ್ ಹಿಡಿದು ಕೂರಬೇಕು. ಇದೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ.

ಹೊಗೆಯ ಬಣ್ಣ ನೋಡಿ ರೋಗ ಹೇಳುವವರು ನೀವು. ಆದರೆ ಹೊಗೆ ಯಾವ ಸಿಲಿಂಡರ್ ಅಂತ ಹೇಳುವುದಿಲ್ಲ, ಗೇಜ್ ಹೇಳುತ್ತದೆ. ಬೋಟಿನವರು "ಹೇಗೂ ಎರಡು ತಿಂಗಳು ರಜೆ, ಎತ್ತಿಬಿಡಿ" ಅನ್ನುತ್ತಾರೆ. ಹೋದ ಮಳೆಗಾಲ ಚೈನ್ ಬ್ಲಾಕ್ ಜಾರಿ ನಿಮ್ಮ ಭುಜಕ್ಕೆ ಬಿದ್ದ ಪೆಟ್ಟು ಅವರಿಗೆ ನೆನಪಿರುವುದಿಲ್ಲ. ನನಗೆ ನೆನಪಿದೆ. ಮೂರೂ ಬೋಟು ದಕ್ಕೆಯಲ್ಲಿ ಇರುವಾಗಲೇ, ಎಂಜಿನ್ ಓಡುವ ಸ್ಥಿತಿಯಲ್ಲಿ ಇರುವಾಗಲೇ, ಒಂದೊಂದು ಸಿಲಿಂಡರಿಗೂ ಗೇಜ್ ಹಾಕಿ ನೋಡಿ. ಒಂದರಲ್ಲಿ ಮಾತ್ರ ಇಳಿದಿದ್ದರೆ ಹೆಡ್ ಬಿಚ್ಚಿ ಕೂತಲ್ಲೇ ಮುಗಿಸಬಹುದೇನೋ. ಎಲ್ಲದರಲ್ಲೂ ಇಳಿದಿದ್ದರೆ ಆಮೇಲೆ ಚೈನ್ ಬ್ಲಾಕ್ ತನ್ನಿ, ತಮ್ಮನನ್ನೂ ಅವನ ಗೆಳೆಯರನ್ನೂ ಕರೆದುಕೊಳ್ಳಿ.

ನನ್ನ ಪೆಟ್ರೋಲ್ ಗೇಜ್ ನಿಮಗೆ ನಡೆಯುವುದಿಲ್ಲ, ಡೀಸೆಲ್ಲಿನ ಒತ್ತಡಕ್ಕೆ ಒಡೆದೇ ಹೋದೀತು. 1,000 ಪಿಎಸ್‌ಐ ತನಕ ಹೋಗುವ ಡೀಸೆಲ್ ಗೇಜ್ ನೋಡಿಟ್ಟಿದ್ದೇನೆ. ಡೀಸೆಲ್ ಸಿಂಪಡಿಸುವ ನೋಜಲ್ ಬಿಚ್ಚಿದ ಜಾಗಕ್ಕೆ ಅದನ್ನು ಕೂರಿಸಲು ಸರಿಯಾದ ಅಡಾಪ್ಟರ್ ಬೇಕು. ಮೂರೂ ಬೋಟಿನ ಎಂಜಿನ್ ಯಾವ ಮಾಡೆಲ್ ಅಂತ ಬರೆದು, ನೋಜಲ್ಲಿನ ಫೋಟೋ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ಕಳಿಸಲು ತಮ್ಮನಿಗೆ ಹೇಳಿ. ಪತ್ರ ಸಿಕ್ಕ ವಾರವೇ ಕಳಿಸಿದರೆ, ಮೀನುಗಾರಿಕೆ ನಿಲ್ಲುವ ಜೂನ್ 1ರ ಒಳಗೆ ಪಾರ್ಸೆಲ್ ನಿಮ್ಮ ಕೈಸೇರುತ್ತದೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ