ಸ್ಕ್ಯಾನರ್ ಜೊತೆಗಿನ ಆಂಟೆನಾ ಸೆಟ್ ನಿಲ್ಲಿಸುತ್ತಿದ್ದೇವೆ: ಯಾಕೆ, ಮುಂದೆ ಹೇಗೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ‘ಆಲ್ ಬ್ಯಾಂಡ್ ಸೆಟ್’ ಮಾರಾಟ ನಿಲ್ಲುತ್ತದೆ. ಮನೆಯ ರೇಡಿಯೋ ಸ್ಕ್ಯಾನರ್ (ಹಲವು ಫ್ರೀಕ್ವೆನ್ಸಿಗಳನ್ನು ಸುತ್ತಿ ಮಾತುಕತೆ ಕೇಳಿಸುವ ರಿಸೀವರ್), ಹಲವು ಬ್ಯಾಂಡ್ ಹಿಡಿಯುವ ಡಿಸ್ಕೋನ್ ಆಂಟೆನಾ, ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್, 20 ಮೀಟರ್ ತೆಳು ಕೇಬಲ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತಿದ್ದೆವು. ಇನ್ನು ಮುಂದೆ ಒಂದೊಂದನ್ನೂ ಬೇರೆಯಾಗಿ ಕೊಡುತ್ತೇವೆ. ಆಂಟೆನಾ ಬೇಕೆಂದವರನ್ನು ಮೊದಲು ಮೂರು ವಿಷಯ ಕೇಳುತ್ತೇವೆ. ನಿಮಗೆ ಏನು ಕೇಳಿಸಬೇಕು? ಆಂಟೆನಾ ಎಲ್ಲಿ ನಿಲ್ಲಿಸುತ್ತೀರಿ? ಅಲ್ಲಿಂದ ಸ್ಕ್ಯಾನರ್ ಇರುವ ಮೇಜಿಗೆ ಕೇಬಲ್ ಎಷ್ಟು ಉದ್ದ ಬೇಕು?

ಒಂದು ಆಂಟೆನಾ ಕೊಳ್ಳಲು ಇಷ್ಟೊಂದು ವಿಚಾರಣೆಯಾ ಅನ್ನಿಸಬಹುದು. ಆದರೆ ಈ ಮೂರು ಗೊತ್ತಿಲ್ಲದೆ ಯಾವ ಆಂಟೆನಾ ಒಳ್ಳೆಯದು ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಸೆಟ್ ಅನುಕೂಲವಾಗಿತ್ತು, ನಿಜ. ತಂದು ಜೋಡಿಸಿದರೆ ಮುಗಿಯಿತು. ಆದರೆ ಕಿಟಕಿ ಪಕ್ಕ ಕೂತು ವಿಮಾನದ ಮಾತು ಕೇಳುವವರಿಗೂ, ಛಾವಣಿಯ ಮೇಲೆ ಕಂಬ ನೆಟ್ಟು ಹಡಗಿನ ಮಾತು ಹಿಡಿಯುವವರಿಗೂ ಒಂದೇ ಸಾಮಾನು ಹೊಂದುವುದಿಲ್ಲ ಅಲ್ವಾ?

ಸ್ಕ್ಯಾನರ್ ಡಬ್ಬದ ಮೇಲೆ 25ರಿಂದ 1300 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ. ಅದನ್ನು ಓದಿದವರು ಆಂಟೆನಾ ಕೂಡ ಅಷ್ಟನ್ನೂ ಹಿಡಿಯಬೇಕು ಎಂದುಕೊಳ್ಳುತ್ತಾರೆ. ಆದರೆ ಅಷ್ಟನ್ನೂ ಕೇಳುವವರು ಅಪರೂಪ. ಹೆಚ್ಚಿನವರು ಎರಡೋ ಮೂರೋ ಕಡೆ ನಿಲ್ಲುತ್ತಾರೆ. ವಿಮಾನಗಳ ಮಾತುಕತೆ 118ರಿಂದ 137 ಮೆಗಾಹರ್ಟ್ಸ್ ನಡುವೆ. ಹಡಗುಗಳದ್ದು 156ರಿಂದ 162ರ ನಡುವೆ. ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರು, 145ರ ಸುತ್ತಮುತ್ತ ಮತ್ತು 435ರ ಸುತ್ತಮುತ್ತ ಸಿಗುತ್ತಾರೆ. ನಿಮ್ಮ ಆಸಕ್ತಿ ಇವುಗಳಲ್ಲಿ ಒಂದೇ ಆಗಿದ್ದರೆ ಆಯ್ಕೆ ತುಂಬಾ ಸುಲಭ.

ಆಂಟೆನಾದ ಅಳತೆ ಅಲೆಯ ಉದ್ದದ ಮೇಲೆ ನಿಂತಿದೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ಅದರ ಕಾಲುಭಾಗ ತೆಗೆದುಕೊಂಡು, ಸುಮಾರು ನೂರಕ್ಕೆ ಐದರಷ್ಟು ಕಡಿಮೆ ಮಾಡಿದರೆ ಕಡ್ಡಿಯ ಉದ್ದ ಬಂತು. ವಿಮಾನಕ್ಕೆ 127 ಮೆಗಾಹರ್ಟ್ಸ್ ಇಟ್ಟುಕೊಂಡರೆ ಸುಮಾರು 56 ಸೆಂಟಿಮೀಟರ್. ಹಡಗಿಗೆ ಸುಮಾರು 45. 435 ಮೆಗಾಹರ್ಟ್ಸ್‌ಗೆ ಬರೀ 16. ಎಳೆದು ಉದ್ದ ಮಾಡುವ ಆಂಟೆನಾ ನಿಮ್ಮ ಹತ್ತಿರ ಇದ್ದರೆ ಇವತ್ತೇ ಅಳತೆಪಟ್ಟಿ ಹಿಡಿದು ನೋಡಿ. ಪೂರ್ತಿ ಎಳೆದರೆ ಜಾಸ್ತಿ ಕೇಳುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಹಾಗೇನಿಲ್ಲ. ಕೇಳುವುದಕ್ಕೆ ಮಾತ್ರ ಬಳಸುವಾಗ ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ತೊಂದರೆಯೂ ಇಲ್ಲ.

ಈ ಲೆಕ್ಕದ ಮೇಲೆಯೇ ನಮ್ಮ ಹೊಸ ಗ್ರೌಂಡ್ ಪ್ಲೇನ್ ಆಂಟೆನಾ ಬರುತ್ತಿದೆ. ನೆಟ್ಟಗೆ ಒಂದು ಕಡ್ಡಿ, ಕೆಳಗೆ ಇಳಿಜಾರಾಗಿ ನಾಲ್ಕು ಕಡ್ಡಿ, ಅಷ್ಟೇ. ಕೆಳಗಿನವನ್ನು ಸುಮಾರು 45 ಡಿಗ್ರಿ ಬಗ್ಗಿಸುವುದಕ್ಕೂ ಕಾರಣವಿದೆ. ಹಾಗೆ ಬಗ್ಗಿಸಿದಾಗ ಆಂಟೆನಾದ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 50 ಓಮ್‌ಗೆ ಹತ್ತಿರ ಬರುತ್ತದೆ. ಸ್ಕ್ಯಾನರ್‌ಗೆ ಬೇಕಾದದ್ದೂ ಅದೇ. ನೀವು ಹೇಳಿದ ಫ್ರೀಕ್ವೆನ್ಸಿಗೆ ಕಡ್ಡಿ ಕತ್ತರಿಸಿ ಕಳಿಸುತ್ತೇವೆ. 145ಕ್ಕೆ ಕತ್ತರಿಸಿದ್ದು ಅದರ ಮೂರು ಪಟ್ಟಾದ 435ರಲ್ಲೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಹ್ಯಾಮ್ ಕೇಳುವವರಿಗೆ ಇದು ಪುಕ್ಕಟೆ ಲಾಭ.

ಹಾಗಾದರೆ ಡಿಸ್ಕೋನ್ ಕೆಟ್ಟದ್ದಾ? ಖಂಡಿತ ಅಲ್ಲ, ಅದನ್ನು ಮಾರುವುದನ್ನು ನಾವು ಬಿಡುವುದೂ ಇಲ್ಲ. 1940ರ ದಶಕದಲ್ಲಿ ಆರ್ಮಿಗ್ ಕಾಂಡೋಯನ್ ಎಂಬ ಎಂಜಿನಿಯರ್ ರೂಪಿಸಿದ ಈ ಆಂಟೆನಾ ಒಂದು ತಟ್ಟೆ, ಕೆಳಗೆ ಕಡ್ಡಿಗಳಿಂದಾದ ಒಂದು ಶಂಕು. ಶಂಕುವಿನ ಕಡ್ಡಿಯ ಉದ್ದ ಕೆಳಗಿನ ಮಿತಿಯನ್ನು ನಿರ್ಧರಿಸುತ್ತದೆ. ಅಲ್ಲಿಂದ ಮೇಲೆ ಹತ್ತು ಪಟ್ಟಿನಷ್ಟು ಫ್ರೀಕ್ವೆನ್ಸಿವರೆಗೂ ಅದು ಸಮಾಧಾನವಾಗಿ ಕೆಲಸ ಮಾಡುತ್ತದೆ. ಹತ್ತಾರು ಕಡೆ ಸುತ್ತುವವರಿಗೆ ಇದಕ್ಕಿಂತ ಸರಳವಾದದ್ದು ನಮಗೆ ಗೊತ್ತಿಲ್ಲ. ಆದರೆ ಸಿಗ್ನಲ್ ಹೆಚ್ಚಿಸುವ ಗುಣ ಅದಕ್ಕಿಲ್ಲ. ಒಂದೇ ಬ್ಯಾಂಡ್‌ಗೆ ಸರಿಯಾಗಿ ಕತ್ತರಿಸಿದ ಸಾದಾ ಆಂಟೆನಾ ಆ ಬ್ಯಾಂಡ್‌ನಲ್ಲಿ ಡಿಸ್ಕೋನ್‌ಗೆ ಸಮ, ಕೆಲವೊಮ್ಮೆ ಒಂದು ಕೈ ಮೇಲು. ಇನ್ನೊಂದು ಮಾತು: 80 ಸೆಂಟಿಮೀಟರ್ ಕಡ್ಡಿಯ ಡಿಸ್ಕೋನ್ ಮೇಲೆ ‘25 ಮೆಗಾಹರ್ಟ್ಸ್‌ನಿಂದ’ ಎಂದು ಬರೆದಿದ್ದರೆ ಸ್ವಲ್ಪ ಅನುಮಾನದಿಂದ ನೋಡಿ. 25ಕ್ಕೆ ಇಳಿಯಲು ಶಂಕುವಿನ ಕಡ್ಡಿ ಹತ್ತಿರ ಹತ್ತಿರ 3 ಮೀಟರ್ ಇರಬೇಕು.

ಈಗ ಕೇಬಲ್ ವಿಷಯ. ಈ ಬದಲಾವಣೆಯ ನಿಜವಾದ ಕಾರಣ ಇದೇ. ಆಂಟೆನಾ ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಂಡು, ಕೇಬಲ್ ಬಂದಾಗ ‘ಯಾವುದಾದರೂ ಕೊಡಿ’ ಎನ್ನುವವರೇ ಜಾಸ್ತಿ. ಸೆಟ್‌ನಲ್ಲಿದ್ದ ಆರ್‌ಜಿ-58 ಕೇಬಲ್ ತೆಳುವಾಗಿ, ಬಾಗಿಸಲು ಸುಲಭವಾಗಿ ಇರುತ್ತದೆ. 450 ಮೆಗಾಹರ್ಟ್ಸ್‌ನಲ್ಲಿ ಅದು 100 ಮೀಟರ್‌ಗೆ ಸುಮಾರು 35 ಡೆಸಿಬಲ್ (ಸಿಗ್ನಲ್ ನಷ್ಟದ ಅಳತೆ) ನುಂಗುತ್ತದೆ. 20 ಮೀಟರ್‌ಗೆ 7 ಡೆಸಿಬಲ್. ಅಂದರೆ ಆಂಟೆನಾ ಹಿಡಿದ ಶಕ್ತಿಯಲ್ಲಿ ಐದನೇ ಒಂದು ಪಾಲು ಮಾತ್ರ ಸ್ಕ್ಯಾನರ್ ತಲುಪುತ್ತದೆ. ತೂತು ಬಿಂದಿಗೆಯಲ್ಲಿ ನೀರು ಹೊತ್ತಂತೆ. ಟಿವಿ ಡಿಶ್‌ಗೆ ಹಾಕುವ ಆರ್‌ಜಿ-6 ಅದೇ ಜಾಗದಲ್ಲಿ ಅದೇ ಉದ್ದಕ್ಕೆ ಸುಮಾರು 3 ಡೆಸಿಬಲ್ ಕಳೆಯುತ್ತದೆ, ಅರ್ಧ ಉಳಿಯುತ್ತದೆ. ವಿಮಾನದ ಬ್ಯಾಂಡ್‌ನಲ್ಲಿ ನಷ್ಟ ಇನ್ನೂ ಕಡಿಮೆ.

‘ಆರ್‌ಜಿ-6 75 ಓಮ್ ಅಲ್ವಾ, ಸ್ಕ್ಯಾನರ್ 50 ಓಮ್ ಕೇಳುತ್ತದಲ್ಲ’ ಎಂದು ಕೆಲವರು ಆಕ್ಷೇಪಿಸುತ್ತಾರೆ. ಲೆಕ್ಕ ಹಾಕಿದರೆ ಆ ಹೊಂದಾಣಿಕೆ ತಪ್ಪುವುದರಿಂದ ಆಗುವ ನಷ್ಟ ಸುಮಾರು 0.2 ಡೆಸಿಬಲ್. ಕಿವಿಗೆ ಗೊತ್ತೇ ಆಗುವುದಿಲ್ಲ. ಪ್ರಸಾರ ಮಾಡುವವರ ಲೆಕ್ಕ ಬೇರೆ, ಕೇಳುವವರಿಗೆ ಚಿಂತೆ ಬೇಡ. ಹಾಗಾಗಿ ಇನ್ನು ಮುಂದೆ 5 ಮೀಟರ್‌ಗಿಂತ ಉದ್ದ ಕೇಳಿದವರಿಗೆ ಆರ್‌ಜಿ-6 ಕೊಡುತ್ತೇವೆ. ತುಂಬಾ ಉದ್ದ ಬೇಕಾದವರಿಗೆ, ಮೇಲಿನ ಫ್ರೀಕ್ವೆನ್ಸಿ ಕೇಳುವವರಿಗೆ ದಪ್ಪನೆಯ ಎಲ್‌ಎಂಆರ್-400 ಇದೆ. ಕೇಬಲ್ ಬೇಕಾದಷ್ಟೇ ಉದ್ದ ಕತ್ತರಿಸಿ, ತುದಿಗೆ ಬಿಎನ್‌ಸಿಯೋ ಎಸ್‌ಎಂಎಯೋ ಕನೆಕ್ಟರ್ ಹಾಕಿಯೇ ಕಳಿಸುತ್ತೇವೆ. ಉಳಿದ ಹತ್ತು ಮೀಟರ್ ಸುರುಳಿ ಸುತ್ತಿ ಮೇಜಿನ ಕೆಳಗೆ ಇಡುವುದು ಸುಮ್ನೆ ನಷ್ಟ.

ಆಂಪ್ಲಿಫೈಯರ್ ಯಾಕೆ ತೆಗೆದಿರಿ ಎಂದು ಕೇಳುವಿರಿ. ಸ್ಕ್ಯಾನರ್ ಪಕ್ಕದಲ್ಲಿ ಇಟ್ಟ ಆಂಪ್ಲಿಫೈಯರ್ ಮಾತಿನ ಜೊತೆ ಗರಗರ ಸದ್ದನ್ನೂ ಅಷ್ಟೇ ಹೆಚ್ಚಿಸುತ್ತದೆ. ಕೇಬಲ್‌ನಲ್ಲಿ ಕಳೆದುಹೋದದ್ದನ್ನು ಅದು ವಾಪಸ್ ತರಲಾರದು. ಕಂಬದ ಮೇಲೆ, ಆಂಟೆನಾ ಬುಡದಲ್ಲೇ ಇಟ್ಟರೆ ಪ್ರಯೋಜನ ಉಂಟು, ಅದೂ ಕೇಬಲ್ ಉದ್ದವಿದ್ದಾಗ. ಆದರೆ ಹತ್ತಿರದಲ್ಲಿ ಎಫ್‌ಎಂ ಕೇಂದ್ರವಿದ್ದರೆ ಕಥೆ ಕೆಡುತ್ತದೆ. 88ರಿಂದ 108ರ ನಡುವಿನ ಆ ಬಲವಾದ ಸಿಗ್ನಲ್ ಆಂಪ್ಲಿಫೈಯರನ್ನೇ ಮುಳುಗಿಸಿ, ವಿಮಾನದ ಬ್ಯಾಂಡ್‌ನಲ್ಲಿ ಹಾಡು ಕೇಳಿಸತೊಡಗುತ್ತದೆ. ಅಂಥವರಿಗೆ ಬೇಕಾದದ್ದು ಆಂಪ್ಲಿಫೈಯರ್ ಅಲ್ಲ, ಎಫ್‌ಎಂ ತಡೆಯುವ ಫಿಲ್ಟರ್. ಅದನ್ನು ಹೊಸದಾಗಿ ಇಡುತ್ತಿದ್ದೇವೆ.

ಎಲ್ಲಕ್ಕಿಂತ ದೊಡ್ಡ ಲಾಭ ಎತ್ತರದಲ್ಲಿದೆ. ಅದನ್ನು ನಾವು ಮಾರಲು ಆಗುವುದಿಲ್ಲ, ಆದರೂ ಹೇಳುತ್ತೇವೆ. ಈ ಫ್ರೀಕ್ವೆನ್ಸಿಗಳ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಮೀಟರ್‌ನಲ್ಲಿರುವ ಎತ್ತರದ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತ, ಅಂದರೆ ಅಲೆ ಮುಟ್ಟುವ ದೂರ, ಕಿಲೋಮೀಟರ್‌ನಲ್ಲಿ ಸಿಗುತ್ತದೆ. 4 ಮೀಟರ್ ಎತ್ತರಕ್ಕೆ ಸುಮಾರು 8 ಕಿಲೋಮೀಟರ್, 16 ಮೀಟರ್‌ಗೆ 16. ಎದುರಿನವರ ಎತ್ತರಕ್ಕೂ ಇದೇ ಲೆಕ್ಕ ಹಾಕಿ ಕೂಡಿಸಬೇಕು. 10,000 ಮೀಟರ್ ಮೇಲೆ ಹಾರುವ ವಿಮಾನಕ್ಕೆ 400 ಕಿಲೋಮೀಟರ್ ದಾಟುತ್ತದೆ. ‘ಪೈಲಟ್ ಮಾತು ಚೆನ್ನಾಗಿ ಕೇಳುತ್ತದೆ, ಟವರ್‌ನವರ ಉತ್ತರ ಮಾತ್ರ ಕೇಳುವುದಿಲ್ಲ, ಆಂಟೆನಾ ಬದಲಿಸಿ ಕೊಡಿ’ ಎಂದು ಬರೆಯುವವರಿಗೆ ನಮ್ಮ ಉತ್ತರ ಇದೇ. ಪೈಲಟ್ ಆಕಾಶದಲ್ಲಿದ್ದಾನೆ, ಟವರ್ ನೆಲದ ಮೇಲಿದೆ. ಆಂಟೆನಾ ಬದಲಿಸಿದರೆ ಆಗದು, ಮೇಲೇರಿಸಬೇಕು.

ಮೇಲೇರಿಸಲು ಜಾಗವಿಲ್ಲದವರು ಕನಿಷ್ಠ ಕಿಟಕಿಗೆ ತನ್ನಿ. ಕಾಂಕ್ರೀಟ್ ಗೋಡೆಯೊಳಗಿನ ಕಬ್ಬಿಣ ಅಲೆಯನ್ನು ತಡೆಯುತ್ತದೆ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಸದ್ದು ಸೇರಿಸುತ್ತವೆ. ಅವುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿದರೆ ಕಳ್ಳ ಯಾರೆಂದು ತಿಳಿಯುತ್ತದೆ. ಕಡ್ಡಿಯನ್ನು ನೆಟ್ಟಗೇ ನಿಲ್ಲಿಸಿ. ವಿಮಾನ, ಹಡಗು, ವಾಕಿಟಾಕಿ ಎಲ್ಲವೂ ನೆಟ್ಟಗಿನ ಆಂಟೆನಾ ಬಳಸುತ್ತವೆ. ಮಲಗಿಸಿಟ್ಟರೆ ಸಿಗ್ನಲ್ ಬಹಳ ಕುಗ್ಗುತ್ತದೆ.

ಒಂದೇ ಕಡೆ ಮುಖ ಮಾಡಿ ಹಿಡಿಯುವ ಯಾಗಿ ಆಂಟೆನಾ ಬಗ್ಗೆ ಒಂದೇ ಮಾತು. ಒಂದೇ ದಿಕ್ಕಿನ, ಒಂದೇ ದೂರದ ಕೇಂದ್ರ ಬೇಕಿದ್ದರೆ ಮಾತ್ರ ಕೊಳ್ಳಿ. ಸ್ಕ್ಯಾನರ್ ಎಂದರೆ ಸುತ್ತಲೂ ಕಿವಿ ಕೊಡುವ ಕೆಲಸ.

ನಮ್ಮ ಪಟ್ಟಿಯಲ್ಲೂ ಒಂದು ಸಣ್ಣ ಬದಲಾವಣೆ ಕಾಣುತ್ತದೆ. ಆಂಟೆನಾದ ಗೇನ್ ಅನ್ನು (ಅದು ಸಿಗ್ನಲನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬ ಅಂಕಿ) ಇನ್ನು ಡಿಬಿಡಿಯಲ್ಲಿ ಬರೆಯುತ್ತೇವೆ, ಡಿಬಿಐಯಲ್ಲಿ ಅಲ್ಲ. ಹಾಗಾಗಿ ಪ್ರತಿ ಅಂಕಿ 2.15ರಷ್ಟು ಕಡಿಮೆ ಕಾಣುತ್ತದೆ. ಆಂಟೆನಾ ಅದೇ. ಡಿಬಿಐ ಎಂದರೆ ಎಲ್ಲ ದಿಕ್ಕಿಗೂ ಸಮನಾಗಿ ಹಿಡಿಯುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದ ಅಂಕಿ. ಡಿಬಿಡಿ ಎಂದರೆ ನಿಜವಾದ ಒಂದು ಡೈಪೋಲ್‌ಗೆ (ಎರಡು ಕಡ್ಡಿಯ ಸಾದಾ ಆಂಟೆನಾಗೆ) ಹೋಲಿಸಿದ ಅಂಕಿ, ಅದೇ ನಮಗೆ ಪ್ರಾಮಾಣಿಕ ಅನ್ನಿಸುತ್ತದೆ. ಬೇರೆಡೆಯ ಪಟ್ಟಿ ಜೊತೆ ಹೋಲಿಸುವಾಗ ಇದನ್ನು ನೆನಪಿಡಿ. ಬರೀ ‘ಡಿಬಿ’ ಎಂದು ಬರೆದ ಅಂಕಿಗೆ ಅರ್ಥವೇ ಇಲ್ಲ.

ಈಗಾಗಲೇ ಸೆಟ್ ಇರುವವರು ಏನನ್ನೂ ಎಸೆಯಬೇಕಿಲ್ಲ. ವಾರಂಟಿ, ಬಿಡಿಭಾಗ ಮೊದಲಿನಂತೆಯೇ ಸಿಗುತ್ತವೆ. ಒಂದು ಸಂಜೆ ಆಂಪ್ಲಿಫೈಯರ್ ಬಿಚ್ಚಿಟ್ಟು, ಕೇಬಲನ್ನು ನೇರ ಸ್ಕ್ಯಾನರ್‌ಗೆ ಹಾಕಿ, ದೂರದ ದುರ್ಬಲ ಕೇಂದ್ರವೊಂದನ್ನು ಕೇಳಿ ನೋಡಿ. ಸ್ಪಷ್ಟವಾದರೆ ಹಾಗೇ ಬಿಡಿ. ಅನಂತರ ಕೇಬಲ್ ಮಾತ್ರ ಬದಲಿಸುವ ಯೋಚನೆ ಮಾಡಿ. ಹೊಸ ಆಂಟೆನಾ ಯೋಚನೆ ಕೊನೆಗೆ.

ಕೆಲವು ಮಾತುಕತೆ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಗುಪ್ತ ಸಂಕೇತದಲ್ಲಿರುತ್ತವೆ. ಅವನ್ನು ಯಾವ ಆಂಟೆನಾವೂ ಬಿಡಿಸಿ ಕೊಡುವುದಿಲ್ಲ. ಏನನ್ನು ಕೇಳಬಹುದು, ಸ್ಕ್ಯಾನರ್ ಇಡಲು ಪರವಾನಗಿ ಬೇಕೇ ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಕಂಬ ನೆಡುವವರು ಕರೆಂಟ್ ತಂತಿಯಿಂದ ದೂರವಿರಿ. ಕಂಬ ಯಾವ ಕಡೆ ಬಿದ್ದರೂ ತಂತಿಗೆ ತಾಗಬಾರದು. ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಸಿಡಿಲು ತಡೆಯುವ ಅರೆಸ್ಟರ್ ಹಾಕಿ. ನೇರ ಸಿಡಿಲು ಬಡಿದರೆ ಅರೆಸ್ಟರ್ ಕೂಡ ಕಾಪಾಡುವುದಿಲ್ಲ. ಗುಡುಗುವ ಮೊದಲೇ ಕೇಬಲ್ ಬಿಚ್ಚಿಡಿ.

ಈಗಾಗಲೇ ಸೆಟ್‌ಗೆ ಆರ್ಡರ್ ಕೊಟ್ಟವರಿಗೆ ಹಳೆಯ ಸೆಟ್ಟೇ ಬರುತ್ತದೆ. ಬೇಡ, ಬಿಡಿಯಾಗಿ ಬೇಕು ಎನ್ನುವವರು ಈ ತಿಂಗಳ ಕೊನೆಯೊಳಗೆ ತಿಳಿಸಿ. ಆರ್ಡರ್ ಬರೆಯುವಾಗ ಫ್ರೀಕ್ವೆನ್ಸಿ, ಆಂಟೆನಾ ನಿಲ್ಲುವ ಜಾಗ, ಮೀಟರ್‌ನಲ್ಲಿ ಕೇಬಲ್ ಉದ್ದ, ಸ್ಕ್ಯಾನರ್ ಹಿಂದಿನ ಕನೆಕ್ಟರ್ ಯಾವುದು, ಇಷ್ಟು ಬರೆದರೆ ಸಾಕು. ಕನೆಕ್ಟರ್ ಹೆಸರು ಗೊತ್ತಾಗದಿದ್ದರೆ ಅದರ ಫೋಟೋ ಕಳಿಸಿ.

ನಿಮ್ಮ ವಿಶ್ವಾಸಿ,
ಆಂಟೆನಾ ವಿಭಾಗದ ಪರವಾಗಿ