ಮೊದಲು ಅಳತೆ, ಆಮೇಲೆ ಮಾಡೆಲ್

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕೃತಕ ಬುದ್ಧಿಮತ್ತೆಯಲ್ಲೇ ಸಂಶೋಧನೆ ಮಾಡುವುದೆಂದು ಗಟ್ಟಿ ಮಾಡಿಕೊಂಡಿದ್ದೀಯ, ಸಂತೋಷ. ಯಾವ ವಿಷಯ ಹಿಡಿಯಲಿ ಎಂದು ಕೇಳಿ, ಕೊನೆಗೆ ‘ನೈತಿಕತೆಗೆ ಒಂದು ಅಧ್ಯಾಯ ಬೇರೆ ಬರೆಯಬೇಕಂತೆ’ ಎಂದು ಒಂದು ಸಾಲು ಸೇರಿಸಿದ್ದೀಯಲ್ಲ, ನನ್ನ ಉತ್ತರ ಆ ಸಾಲಿಗೇ. ಬೇರೆ ಅಧ್ಯಾಯ ಬರೆಯುವ ಹೊತ್ತಿಗೆ ತಡವಾಗಿರುತ್ತದೆ ಕಣೋ. ಮಾಡೆಲ್ (ಡೇಟಾದಿಂದ ಕಲಿತು ಉತ್ತರ ಊಹಿಸುವ ಪ್ರೋಗ್ರಾಂ) ಎಷ್ಟು ಸರಿ ಎಂದು ಯಾರ ಮೇಲೆ, ಯಾವ ಅಂಕೆ ಇಟ್ಟುಕೊಂಡು ಅಳೆದೆ ಎಂಬಲ್ಲೇ ಅದರ ಬಹುಪಾಲು ತೀರ್ಮಾನವಾಗಿರುತ್ತದೆ.

ಒಂದು ಲೆಕ್ಕ ಹಾಕಿ ನೋಡು. ಟೆಸ್ಟ್ ಸೆಟ್‌ನಲ್ಲಿ, ಅಂದರೆ ಮಾಡೆಲ್ಲನ್ನು ಪರೀಕ್ಷಿಸಲು ಎತ್ತಿಟ್ಟ ಡೇಟಾದಲ್ಲಿ, 1000 ಉದಾಹರಣೆಗಳಿವೆ; 950 ಒಂದು ದೊಡ್ಡ ಗುಂಪಿನವು, 50 ಸಣ್ಣ ಗುಂಪಿನವು. ದೊಡ್ಡ ಗುಂಪಿನಲ್ಲಿ ಮಾಡೆಲ್ ಶೇ. 95 ಸರಿ, ಸಣ್ಣದರಲ್ಲಿ ಶೇ. 70. ಒಟ್ಟು ಸರಾಸರಿ ಶೇ. 94ರ ಹತ್ತಿರ ಬರುತ್ತದೆ, ಕೋಷ್ಟಕದಲ್ಲಿ ಚೆಂದವಾಗಿಯೇ ಕಾಣುತ್ತದೆ. ಗುಂಪುವಾರು ಒಡೆದು ಬರೆದರೂ ಕೆಲಸ ಮುಗಿಯಲಿಲ್ಲ: 50 ಉದಾಹರಣೆಗಳಿಂದ ಬಂದ ಆ 70ಕ್ಕೆ ಆಚೀಚೆ ಸುಮಾರು 13 ಅಂಶಗಳ ಅನಿಶ್ಚಿತತೆ ಇದೆ. ನಿಜವಾದದ್ದು 57 ಇರಬಹುದು, 83 ಇರಬಹುದು. ಅದನ್ನು 4 ಅಂಶಕ್ಕೆ ಇಳಿಸಬೇಕಾದರೆ ಆ ಗುಂಪೊಂದರಿಂದಲೇ 500ರಷ್ಟು ಉದಾಹರಣೆ ಬೇಕು. ಅವನ್ನು ಕಲೆಹಾಕುವ ಖರ್ಚನ್ನು ಪ್ರಸ್ತಾವದಲ್ಲೇ ಕೇಳು. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

2018ರಲ್ಲಿ ಸಂಶೋಧಕಿಯರಾದ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮಾಡಿದ್ದು ಇದನ್ನೇ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಪರೀಕ್ಷಿಸಲು, ಆಫ್ರಿಕಾದ ಮೂರು ಮತ್ತು ಯೂರೋಪಿನ ಮೂರು ದೇಶಗಳ 1270 ಸಂಸದರ ಚಿತ್ರಗಳಿಂದ ಹೊಸ ಟೆಸ್ಟ್ ಸೆಟ್ ಕಟ್ಟಿದರು. ತಿಳಿ ಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8, ಗಾಢ ಬಣ್ಣದ ಹೆಂಗಸರಲ್ಲಿ ಶೇ. 34.7ರವರೆಗೆ. ಅವರು ಹೊಸ ಅಲ್ಗಾರಿದಮ್ ಏನೂ ತರಲಿಲ್ಲ, ಅಳತೆಗೋಲನ್ನು ಸರಿ ಮಾಡಿದರು. ಹಾಗಿದ್ದೂ ಆ ಕ್ಷೇತ್ರ ಅಷ್ಟು ಅಲುಗಾಡಿತು.

ಅಳತೆಗಿಂತಲೂ ಮೊದಲು ನೋಡಬೇಕಾದದ್ದು ಲೇಬಲ್, ಅಂದರೆ ಪ್ರತಿ ಉದಾಹರಣೆಗೆ ಹಚ್ಚಿದ ‘ಸರಿಯುತ್ತರ’. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಊಹಿಸುವ ಒಂದು ಅಲ್ಗಾರಿದಮ್ ‘ಅನಾರೋಗ್ಯ’ದ ಬದಲಿಗೆ ‘ಚಿಕಿತ್ಸೆಗೆ ಆದ ಖರ್ಚ’ನ್ನು ಗುರಿಯಾಗಿ ಇಟ್ಟುಕೊಂಡಿತ್ತು. ಕಪ್ಪು ಜನಾಂಗದವರ ಮೇಲೆ ಖರ್ಚಾಗುತ್ತಿದ್ದುದೇ ಕಡಿಮೆ. ಹಾಗಾಗಿ ಅಷ್ಟೇ ಅಂಕ ಪಡೆದ ಬಿಳಿಯರಿಗಿಂತ ಅವರು ಹೆಚ್ಚು ಕಾಯಿಲೆಯವರಾಗಿದ್ದರು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಅಂತರ ಸರಿಪಡಿಸಿದರೆ ಹೆಚ್ಚಿನ ನೆರವು ಸಿಗುವ ಕಪ್ಪು ರೋಗಿಗಳ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು. ಮಾಡೆಲ್ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಊಹಿಸಿತ್ತು, ಹೇಳಿಕೊಟ್ಟದ್ದೇ ತಪ್ಪಾಗಿತ್ತು. ನಿನ್ನ ಡೇಟಾದ ಪ್ರತಿ ಲೇಬಲ್ ಮುಂದೆ ಮೂರು ಪ್ರಶ್ನೆ ಬರೆದಿಡು: ಇದನ್ನು ಯಾರು ಗುರುತಿಸಿದರು, ಏನು ನೋಡಿ ಗುರುತಿಸಿದರು, ಇದು ಬೇರೆ ಯಾವುದರ ಬದಲಿಗೆ ನಿಂತಿದೆ?

ಇನ್ನು ಸೋರಿಕೆ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕಂಡ ಹುಡುಗನ ಅಂಕಪಟ್ಟಿಗೆ ಎಷ್ಟು ಬೆಲೆಯೋ, ಟೆಸ್ಟ್ ಡೇಟಾ ತರಬೇತಿಯೊಳಗೆ ನುಸುಳಿದ ಮಾಡೆಲ್ಲಿನ ಅಂಕಕ್ಕೂ ಅಷ್ಟೇ. ಇದು ನಡೆಯುವ ದಾರಿಗಳು ಸಪ್ಪೆಯಾಗಿರುತ್ತವೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ರೋಗಿಯ ಐದು ಸ್ಕ್ಯಾನ್‌ಗಳಲ್ಲಿ ನಾಲ್ಕು ತರಬೇತಿಗೆ, ಒಂದು ಟೆಸ್ಟ್‌ಗೆ ಹೋದರೆ ಮಾಡೆಲ್ ರೋಗವನ್ನು ಬಿಟ್ಟು ರೋಗಿಯನ್ನು ಗುರುತಿಸಲು ಕಲಿಯುತ್ತದೆ. ಆದ್ದರಿಂದ ಸಾಲುಗಳನ್ನಲ್ಲ, ವ್ಯಕ್ತಿಗಳನ್ನು ಬೇರ್ಪಡಿಸು. ಸರಾಸರಿ ಕಳೆದು ಡೇಟಾವನ್ನು ಸಮ ಮಾಡುವುದು, ಯಾವ ಫೀಚರ್ (ಲಕ್ಷಣ) ಬಳಸಬೇಕೆಂದು ಆರಿಸುವುದು, ಬಿಟ್ಟುಹೋದ ಮಾಹಿತಿ ತುಂಬುವುದು ಎಲ್ಲವೂ ವಿಭಜನೆಯಾದ ಮೇಲೆ, ತರಬೇತಿ ಭಾಗದಿಂದ ಮಾತ್ರ. ಕಾಲಕ್ಕೆ ಸಂಬಂಧಿಸಿದ ಡೇಟಾ ಆದರೆ ಹಳೆಯದರಲ್ಲಿ ಕಲಿಸಿ ಹೊಸದರಲ್ಲಿ ಪರೀಕ್ಷಿಸು, ಕಲಸಿ ಹಂಚಬೇಡ. ಪಠ್ಯ ಓದಿ ಕಲಿತು ಪಠ್ಯ ಬರೆಯುವ ಭಾಷಾ ಮಾಡೆಲ್‌ಗಳಲ್ಲಾದರೆ ತರಬೇತಿ ಪಠ್ಯಕ್ಕೂ ಟೆಸ್ಟ್ ಪ್ರಶ್ನೆಗಳಿಗೂ ಒಂದೇ ಪದಸರಣಿ ಇದೆಯೇ ಎಂದು ಹುಡುಕಬೇಕು. ಜಿಪಿಟಿ-3 ಎಂಬ ಭಾಷಾ ಮಾಡೆಲ್ ಮಾಡಿದವರು 13 ಪದಗಳ ಸರಣಿ ಹಿಡಿದು ಹುಡುಕಿದ್ದರು. ವಾಕ್ಯ ತಿರುಚಿ ಬರೆದ ನಕಲುಗಳು ಈ ಜರಡಿಯಿಂದ ತಪ್ಪಿಸಿಕೊಳ್ಳುತ್ತವೆ ಎಂಬುದು ನೆನಪಿರಲಿ.

ಕೋವಿಡ್ ಕಾಲದ ಎದೆಯ ಚಿತ್ರಗಳ ಕಥೆಯನ್ನು ಓದಿಕೋ. 2021ರ ಒಂದು ವಿಮರ್ಶೆ 62 ಅಧ್ಯಯನಗಳನ್ನು ಕೂಲಂಕಷವಾಗಿ ನೋಡಿ, ಆಸ್ಪತ್ರೆಯಲ್ಲಿ ಬಳಸಬಹುದಾದ್ದು ಒಂದೂ ಇಲ್ಲ ಎಂದಿತು. ಕೆಲವದರಲ್ಲಿ ‘ಕೋವಿಡ್ ಇಲ್ಲ’ ಎಂಬ ಕಡೆ ಇದ್ದವು ಮಕ್ಕಳ ಎಕ್ಸ್‌ರೇಗಳು, ‘ಇದೆ’ ಎಂಬ ಕಡೆ ದೊಡ್ಡವರವು. ವಯಸ್ಸು ಹೇಳಲು ಕಲಿತ ಯಂತ್ರಕ್ಕೆ ರೋಗ ಹೇಳುವ ಯಂತ್ರವೆಂದು ಹೆಸರಿಟ್ಟಂತಾಯಿತು.

ಈಗ ದಿಕ್ಕುಗಳ ವಿಚಾರ. ಅತಿ ದೊಡ್ಡ ಮಾಡೆಲ್ ಕಟ್ಟುವ ಪಂದ್ಯಕ್ಕೆ ನೀನು ಇಳಿಯಬೇಡ. 2022ರ ಚಿಂಚಿಲ್ಲಾ ಮಾಡೆಲ್‌ನಲ್ಲಿ 7000 ಕೋಟಿ ಪ್ಯಾರಾಮೀಟರ್‌ಗಳಿದ್ದವು (ಮಾಡೆಲ್ ಕಲಿಯುವಾಗ ಹೊಂದಿಸಿಕೊಳ್ಳುವ ಸಂಖ್ಯೆಗಳು), ಅದನ್ನು 1.4 ಲಕ್ಷ ಕೋಟಿ ಟೋಕನ್ (ಪದ ಅಥವಾ ಪದದ ತುಣುಕು) ಮೇಲೆ ಕಲಿಸಿ, ಗಾತ್ರದಲ್ಲಿ ನಾಲ್ಕು ಪಟ್ಟು ದೊಡ್ಡದಾದ ಗೋಫರ್ ಎಂಬ ಮಾಡೆಲ್‌ಗಿಂತ ಮೇಲು ಎಂದು ತೋರಿಸಿದರು. ಪ್ಯಾರಾಮೀಟರ್ ಒಂದಕ್ಕೆ 20 ಟೋಕನ್ ಎಂಬ ಅಂದಾಜು ಅಲ್ಲಿಂದ ಬಂದದ್ದು. ತರಬೇತಿಗೆ ಬೇಕಾಗುವ ಒಟ್ಟು ಗಣನೆ ತಿಳಿಯಲು ಪ್ಯಾರಾಮೀಟರ್, ಟೋಕನ್ ಎರಡನ್ನೂ ಗುಣಿಸಿ 6ರಿಂದ ಮತ್ತೆ ಗುಣಿಸು. ಒಬ್ಬ ವಿದ್ಯಾರ್ಥಿಯ ಕೈಗೆ ಸಿಗುವ ಜಿಪಿಯುಗಳಿಂದ (ಈ ಲೆಕ್ಕ ಮಾಡುವ ಚಿಪ್‌ಗಳಿಂದ) ಅದು ಆಗದ ಮಾತೆಂದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಆದರೆ ಸಿದ್ಧ ಮಾಡೆಲ್ ಹಿಡಿದು ಮಾಡುವ ಕೆಲಸ ಬೇಕಾದಷ್ಟಿದೆ. 700 ಕೋಟಿ ಪ್ಯಾರಾಮೀಟರ್‌ನ ಮಾಡೆಲ್‌ನ ತೂಕಗಳಿಗೆ, ಅಂದರೆ ಆ ಸಂಖ್ಯೆಗಳಿಗೆ, ಒಂದಕ್ಕೆ 16 ಬಿಟ್‌ನಂತೆ 14 ಜಿಬಿ ಮೆಮೊರಿ ಬೇಕಾದರೆ, 4 ಬಿಟ್‌ಗೆ ಇಳಿಸಿದಾಗ 3.5 ಜಿಬಿ ಸಾಕು. ಹಾಗೆ ಇಳಿಸಿದಾಗ ಯಾವ ಭಾಷೆಯ, ಯಾವ ಬಗೆಯ ಪ್ರಶ್ನೆಗಳಲ್ಲಿ ಸಾಮರ್ಥ್ಯ ಮೊದಲು ಕುಸಿಯುತ್ತದೆ? ಅದೇ ಒಳ್ಳೆಯ ಸಂಶೋಧನಾ ಪ್ರಶ್ನೆ.

ನನ್ನನ್ನು ಕೇಳಿದರೆ ಈಗ ತುಂಬ ಹುರುಪಿರುವ ಜಾಗ, ಮನುಷ್ಯರ ಮೆಚ್ಚುಗೆಯಿಂದ ಮಾಡೆಲ್‌ಗಳನ್ನು ತಿದ್ದುವ ಕೆಲಸ ಮತ್ತು ಅದು ಎಲ್ಲಿ ಹಳಿ ತಪ್ಪುತ್ತದೆ ಎಂಬ ಹುಡುಕಾಟ. 2022ರಲ್ಲಿ ಓಪನ್‌ಎಐ ಕಂಪನಿ ತೋರಿಸಿದಂತೆ, ಹೀಗೆ ತಿದ್ದಿದ 130 ಕೋಟಿ ಪ್ಯಾರಾಮೀಟರ್‌ನ ಮಾಡೆಲ್ ಕೊಟ್ಟ ಉತ್ತರಗಳನ್ನೇ ಜನ 17,500 ಕೋಟಿಯ ಜಿಪಿಟಿ-3ರ ಉತ್ತರಗಳಿಗಿಂತ ಮೆಚ್ಚಿದರು. ಲಾಭ ದೊಡ್ಡದು, ಕುತ್ತೂ ಅಲ್ಲೇ ಇದೆ. ಮೆಚ್ಚುಗೆಯನ್ನು ಅಂಕವಾಗಿ ಕೊಟ್ಟರೆ ಮಾಡೆಲ್ ಮೆಚ್ಚಿಸಲು ಕಲಿಯುತ್ತದೆ: ಉತ್ತರ ಉದ್ದವಾಗುತ್ತದೆ, ಕೇಳಿದವನ ಅಭಿಪ್ರಾಯಕ್ಕೆ ತಲೆಯಾಡಿಸುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಸರಿಯುತ್ತರ ಗೊತ್ತಿರುವ ಪ್ರಶ್ನೆಗಳನ್ನು ತೆಗೆದುಕೋ, ಒಮ್ಮೆ ಹಾಗೆಯೇ ಕೇಳು, ಇನ್ನೊಮ್ಮೆ ‘ನನಗೇನೋ ಇದು ಹೀಗೆ ಅನ್ನಿಸುತ್ತದೆ’ ಎಂದು ತಪ್ಪು ಉತ್ತರವನ್ನು ಮುಂದಿಟ್ಟು ಕೇಳು, ಎಷ್ಟು ಬಾರಿ ಮಾತು ಬದಲಿಸಿತು ಎಂದು ಎಣಿಸು. ಉತ್ತರಗಳಿಗೆ ಅಂಕ ಕೊಡಲು, ಎರಡರಲ್ಲಿ ಯಾವುದು ಮೇಲೆಂದು ಹೇಳಲು ಇನ್ನೊಂದು ಮಾಡೆಲ್ ಬಳಸುವೆಯಾದರೆ ಎರಡು ಉತ್ತರಗಳ ಜಾಗ ಅದಲುಬದಲು ಮಾಡಿ ಎರಡೆರಡು ಸಲ ಕೇಳು. ತೀರ್ಪು ಬದಲಾದರೆ ಅದನ್ನು ಸಮಬಲ ಎಂದು ಬರೆ. ಕನಿಷ್ಠ 100 ತೀರ್ಪುಗಳನ್ನಾದರೂ ಮನುಷ್ಯರ ಕೈಯಿಂದ ಹೋಲಿಸಿ ನೋಡದೆ ಅಂಥ ಅಂಕವನ್ನು ಪ್ರಕಟಿಸಬೇಡ.

ಮಾಡೆಲ್ ತನ್ನ ತರ್ಕ ಎಂದು ಬರೆದು ತೋರಿಸುವುದನ್ನೂ ಹಾಗೆಯೇ ನಂಬಬೇಡ. 2023ರ ಒಂದು ಪ್ರಯೋಗದಲ್ಲಿ ಮಾದರಿಗೆಂದು ಮೊದಲು ತೋರಿಸಿದ ಪ್ರಶ್ನೆಗಳ ಸರಿಯುತ್ತರ ಯಾವಾಗಲೂ ಮೊದಲ ಆಯ್ಕೆಯೇ ಆಗುವಂತೆ ಜೋಡಿಸಿದ್ದರು. ಮಾಡೆಲ್ ಆ ಕಡೆಗೇ ವಾಲಿತು, ತಪ್ಪು ಉತ್ತರಕ್ಕೂ ಸೊಗಸಾದ ಕಾರಣ ಕೊಟ್ಟಿತು, ಜೋಡಣೆಯ ಮಾತನ್ನೇ ಎತ್ತಲಿಲ್ಲ. ಒಳಗೆ ನಿಜಕ್ಕೂ ಏನು ನಡೆಯುತ್ತದೆ ಎಂದು ಬಿಚ್ಚಿ ನೋಡುವ ಶಾಖೆ ಬೆಳೆಯುತ್ತಿರುವುದು ಇಂಥ ಕಾರಣಕ್ಕೇ. ಅಲ್ಲಿ ಒಂದು ಎಚ್ಚರ: ಒಳಗಿನ ಒಂದು ಫೀಚರ್‌ಗೆ (ಒಳಗೆ ಮೂಡುವ ಸಂಖ್ಯೆಗಳ ಒಂದು ವಿನ್ಯಾಸಕ್ಕೆ) ‘ಇದು ಮೋಸವನ್ನು ಗುರುತಿಸುತ್ತದೆ’ ಎಂದು ಹೆಸರಿಡುವುದು ಸುಲಭ. ಅದನ್ನು ಹೆಚ್ಚಿಸಿ, ತಗ್ಗಿಸಿ, ಮಾಡೆಲ್‌ನ ನಡವಳಿಕೆ ಅದರಂತೆ ಬದಲಾಯಿತೇ ಎಂದು ನೋಡುವವರೆಗೆ ಅದು ಬರೀ ಹೆಸರು.

ಏಜೆಂಟ್‌ಗಳ, ಅಂದರೆ ನಮ್ಮ ಪರವಾಗಿ ತಾವೇ ಕೆಲಸ ಮಾಡುವ ಮಾಡೆಲ್‌ಗಳ, ಬಗ್ಗೆ ಚಿಕ್ಕದಾಗಿ. ಓದಲು ಕೊಟ್ಟ ಇಮೇಲ್‌ನಲ್ಲೋ ಕಡತದಲ್ಲೋ ಯಾರೋ ಅಡಗಿಸಿಟ್ಟ ಆಜ್ಞೆಯನ್ನು ಮಾಡೆಲ್ ನಿನ್ನ ಆಜ್ಞೆಯೆಂದೇ ಪಾಲಿಸಬಹುದು. ಇದಕ್ಕೆ ಪೂರ್ಣ ಪರಿಹಾರ ಇನ್ನೂ ಇಲ್ಲ. ಗುಟ್ಟಿನ ಡೇಟಾ, ಹೊರಗಿನ ಪಠ್ಯ, ಹೊರಗೆ ಕಳಿಸುವ ಅಧಿಕಾರ ಈ ಮೂರನ್ನೂ ಒಂದೇ ಏಜೆಂಟಿಗೆ ಕೊಡಬೇಡ. ಅಳಿಸುವ, ಹಣ ಕಳಿಸುವ ಕೆಲಸಕ್ಕೆ ಮನುಷ್ಯರ ಒಪ್ಪಿಗೆ ಇರಲಿ.

ನ್ಯಾಯ ಎಂದರೆ ಯಾವ ಅಳತೆ ಎಂಬುದನ್ನೂ ನೀನೇ ಆರಿಸಬೇಕಾಗುತ್ತದೆ. ಎರಡು ಗುಂಪುಗಳಲ್ಲಿ ಘಟನೆಯ ಮೂಲ ಪ್ರಮಾಣವೇ ಬೇರೆ ಇದ್ದರೆ, ಮಾಡೆಲ್ ಕೊಡುವ ಅಂಕೆಗೆ ಎರಡೂ ಕಡೆ ಒಂದೇ ಅರ್ಥ ಇರುವುದು, ಎರಡು ಬಗೆಯ ತಪ್ಪುಗಳೂ (ಇಲ್ಲದ್ದನ್ನು ಇದೆ ಎನ್ನುವುದು, ಇದ್ದದ್ದನ್ನು ಇಲ್ಲ ಎನ್ನುವುದು) ಎರಡೂ ಕಡೆ ಸಮನಾಗಿರುವುದು ಒಟ್ಟಿಗೆ ಸಾಧ್ಯವಿಲ್ಲ, ಊಹೆ ಪೂರ್ತಿ ಕರಾರುವಾಕ್ಕಾದರೆ ಮಾತು ಬೇರೆ. ಇದು 2016ರ ಸುಮಾರಿಗೆ ಗಣಿತದಿಂದಲೇ ಸಾಬೀತಾಗಿದೆ. ಆದ್ದರಿಂದ ಯಾವುದನ್ನು ಬಿಟ್ಟುಕೊಟ್ಟೆ, ಏಕೆ, ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಬರೆ. ಮೂಲ ಪ್ರಮಾಣ ಮರೆತರೆ ಇನ್ನೊಂದು ಗುಂಡಿಯೂ ಇದೆ: ಸಾವಿರಕ್ಕೊಬ್ಬರಿಗೆ ಇರುವ ಕಾಯಿಲೆಯನ್ನು ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಶೇ. 99 ಸರಿಯಾಗಿ ಹೇಳುವ ಮಾಡೆಲ್ ಒಂದು ಲಕ್ಷ ಜನರಲ್ಲಿ 99 ರೋಗಿಗಳನ್ನು ಹಿಡಿಯುತ್ತದೆ, ಜೊತೆಗೆ 999 ಆರೋಗ್ಯವಂತರನ್ನೂ. ‘ಕಾಯಿಲೆ ಇದೆ’ ಎನಿಸಿಕೊಂಡ ಹನ್ನೊಂದು ಮಂದಿಯಲ್ಲಿ ನಿಜಕ್ಕೂ ಇರುವುದು ಒಬ್ಬರಿಗೆ.

ಕಾನೂನು ಈಗ ದೂರದ ಮಾತಲ್ಲ. ಯೂರೋಪಿನ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ನಿಷೇಧಿತ ಬಳಕೆಗಳ ಭಾಗ 2025ರ ಫೆಬ್ರವರಿ 2ರಿಂದ ಅನ್ವಯ. ನಿನ್ನ ಕೆಲಸಕ್ಕೆ ಅದರಿಂದ ಬೇಕಾದ್ದು ಮುಖ್ಯವಾಗಿ ಇಷ್ಟು: ಡೇಟಾ ಎಲ್ಲಿಂದ ಬಂತು, ಯಾರ ಒಪ್ಪಿಗೆಯಿಂದ ಬಂತು ಎಂಬುದರ ದಾಖಲೆ ಮೊದಲ ದಿನದಿಂದ ಇರಲಿ. ಪಠ್ಯದಲ್ಲಿ ಪದೇ ಪದೇ ಬರುವ ಪ್ರತಿಗಳನ್ನು ತೆಗೆದುಹಾಕು. ಮಾಡೆಲ್‌ಗಳು ಬಾಯಿಪಾಠ ಮಾಡಿ ಖಾಸಗಿ ವಿವರ ಉಗುಳುವುದು ಅಂಥವನ್ನೇ ಹೆಚ್ಚು.

ಮೊದಲ ಎರಡು ತಿಂಗಳು ಯಾವ ಮಾಡೆಲ್ಲನ್ನೂ ತರಬೇತಿಗೊಳಿಸಬೇಡ. ಪ್ರಕಟವಾದ ಒಂದು ಫಲಿತಾಂಶ ಆರಿಸಿ, ಐದು ಬೇರೆ ಬೇರೆ ಸೀಡ್‌ಗಳಲ್ಲಿ (ಯಾದೃಚ್ಛಿಕ ಆರಂಭದ ಸಂಖ್ಯೆಗಳಲ್ಲಿ) ಮರುಸೃಷ್ಟಿಸಲು ನೋಡು. ಮೂಲ ಪ್ರಬಂಧ ಹೇಳುವ ಸುಧಾರಣೆ ಸೀಡ್‌ಗಳ ನಡುವಿನ ಏರಿಳಿತಕ್ಕಿಂತ ಚಿಕ್ಕದೋ ದೊಡ್ಡದೋ ನೋಡು. ಜಿಪಿಯು ಗಂಟೆಗಳ ಲೆಕ್ಕ ಇಡು, ಕೆಟ್ಟ ಪ್ರಯೋಗಗಳದ್ದನ್ನೂ ಸೇರಿಸಿ. ಟೆಸ್ಟ್ ಸೆಟ್ಟನ್ನು ಬೀಗ ಹಾಕಿಟ್ಟು, ತೆರೆದ ತಾರೀಖುಗಳನ್ನು ಬರೆದಿಡು. ಅದನ್ನು ನೋಡಿ ನೋಡಿ ಮಾಡೆಲ್ ತಿದ್ದಿದರೆ ಅದೂ ತರಬೇತಿ ಡೇಟಾವೇ ಆಗಿಬಿಡುತ್ತದೆ.

ಪ್ರಸ್ತಾವದ ಕರಡು ಕಳಿಸು. ಪೀಠಿಕೆ ಆಮೇಲೆ ಬರೆದರೂ ನಡೆಯುತ್ತದೆ. ಡೇಟಾ ವಿಭಜನೆ, ಗುಂಪುವಾರು ಸಂಖ್ಯೆ, ಲೇಬಲ್ ಕೊಡುವವರಿಗೆ ಬರೆದ ಸೂಚನೆ ಈ ಮೂರು ಪುಟ ಮೊದಲು ಬರಲಿ.

ಇತಿ,
ನಿನ್ನ ದೊಡ್ಡಮ್ಮ